ಮಣ್ಣಿನ ಕಬ್ಬಿಣ, ಮೈಯ ಕೆಂಪು

ಮನುಷ್ಯನ ಮೈಬಣ್ಣ ಮೈಯ ಮೇಲಿರುವುದಿಲ್ಲ, ಒಳಗಿರುತ್ತದೆ. ಎರಡಂಗುಲದ ಪುಟ್ಟ ಪ್ರತಿಮೆಗೆ ಬಣ್ಣ ಬರೆಯಲು ಕುಳಿತವರಿಗೆ ಒಂದಲ್ಲ ಒಂದು ದಿನ ಇದು ಗೊತ್ತಾಗುತ್ತದೆ. ಸೀಸೆಯಿಂದ ತೆಗೆದ ಕಂದು ಬಣ್ಣವನ್ನು ಒಂದೇ ಸಮನೆ ಬಳಿದರೆ ಮುಖ ಮರದ್ದಾಗುತ್ತದೆ. ಬಣ್ಣ ತಪ್ಪಿರುವುದಿಲ್ಲ, ಆದರೆ ಜೀವ ಬಂದಿರುವುದಿಲ್ಲ.

ಗೋಡೆಗೆ ಬಿದ್ದ ಬೆಳಕು ಗೋಡೆಯ ಮೇಲ್ಮೈಯಿಂದಲೇ ಮರಳುತ್ತದೆ. ಚರ್ಮಕ್ಕೆ ಬಿದ್ದ ಬೆಳಕಿನ ಕಥೆ ಬೇರೆ. ಅದರಲ್ಲಿ ಒಂದು ಪಾಲು ಒಳಗಿಳಿಯುತ್ತದೆ, ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕಣಗಳ ನಡುವೆ ಸೋಸಿಹೋಗುತ್ತದೆ, ಅದರಡಿಯ ಸೂಕ್ಷ್ಮ ರಕ್ತನಾಳಗಳ ಕೆಂಪನ್ನು ಮುಟ್ಟಿ, ಚದುರಿ, ಮತ್ತೆ ಹೊರಗೆ ಬರುತ್ತದೆ. ಎದುರಿಗಿರುವವರ ಮುಖವನ್ನು ನೋಡುತ್ತೇವೆ ಎಂದುಕೊಳ್ಳುತ್ತೇವೆ. ನಮ್ಮ ಕಣ್ಣಿಗೆ ಬೀಳುವುದು ಅವರೊಳಗೆ ಹೋಗಿಬಂದ ಬೆಳಕು. ದಿನವೂ ನೂರಾರು ಮುಖ ನೋಡುವ ನಮಗೆ ಇದೊಂದು ವಿಸ್ಮಯವೆಂದು ಅನ್ನಿಸುವುದೇ ಇಲ್ಲ.

ಬಣ್ಣಕ್ಕೆ ಅಂಥ ಆಳವಿಲ್ಲ. ಆದ್ದರಿಂದ ಆಳವನ್ನು ಪದರ ಪದರವಾಗಿ ಕಟ್ಟಬೇಕು. ಸುಮಾರು 1400ರ ಹೊತ್ತಿಗೆ ಇಟಲಿಯ ಚೆನ್ನಿನೊ ಚೆನ್ನಿನಿ ಚಿತ್ರಕಾರರಿಗಾಗಿ ಬರೆದ ಕೈಪಿಡಿಯಲ್ಲಿ, ಮುಖಕ್ಕೆ ಮೊದಲು ಹಸಿರು ಮಣ್ಣಿನ ಬಣ್ಣ ಹಚ್ಚಿ ಅದರ ಮೇಲೆ ಮೈಬಣ್ಣ ತರುವ ಕ್ರಮವಿದೆ. ಅಡಿಯ ಹಸಿರು ಇಣುಕಿದಲ್ಲಿ ನೆರಳು ತಣ್ಣಗಾಗುತ್ತದೆ, ಅದರ ಪಕ್ಕದ ಕೆಂಪು ಬಿಸಿಯಾಗುತ್ತದೆ. ಇಂದಿಗೂ ಪುಟ್ಟ ಪ್ರತಿಮೆಗಳ ಕೆಲಸ ನಡೆಯುವುದು ಇದೇ ದಾರಿಯಲ್ಲಿ. ನೀರಾಗಿಸಿದ ಬಣ್ಣ, ಒಣಗಲು ಬಿಡುವ ತಾಳ್ಮೆ, ಮತ್ತೊಂದು ತೆಳು ಪದರ. ಹಣೆಗೆ ತುಸು ಹಳದಿ, ಮೂಗು ಕೆನ್ನೆ ಕಿವಿಗಳಿಗೆ ಕೆಂಪು, ಗಡ್ಡದ ಜಾಗಕ್ಕೆ ನೀಲಿ ಬೆರೆತ ಬೂದು. ನಮ್ಮ ಕಡೆಯ ಮೈಬಣ್ಣಕ್ಕೆ ಬಿಳಿ ಬೆರೆಸಿ ಹೊಳಪು ತರಹೋದರೆ ಬೂದಿ ಬಳಿದಂತೆ ಕಾಣುತ್ತದೆ. ಹಳದಿ ಕಾವಿ ಬೆರೆಸಬೇಕು. ನೆರಳಿಗೆ ಬರಿಯ ಕಪ್ಪು ಸಲ್ಲದು, ಕಂದಿಗೆ ಗಾಢ ನೀಲಿ ಸೇರಬೇಕು.

ನನ್ನ ಮೇಜಿನ ಮೇಲೆ ನಿಂತಿರುವ ಪ್ರತಿಮೆ 1837ರ ಒಬ್ಬ ರೈತನದು. ಕೊಡಗು 1834ರಲ್ಲಿ ಬ್ರಿಟಿಷರ ವಶವಾದ ಮೇಲೆ ಅಮರಸುಳ್ಯ, ಪುತ್ತೂರು ಸೀಮೆಗಳು ಕೆನರಾ ಜಿಲ್ಲೆಗೆ ಸೇರಿದವು. ಬೆಳೆದ ಬೆಳೆಯಲ್ಲೇ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕಟ್ಟಬೇಕಾಯಿತು. ಆಗ ಕೆದಂಬಾಡಿ ರಾಮಯ್ಯ ಗೌಡರ ಮುಂದಾಳ್ತನದಲ್ಲಿ ಎದ್ದ ರೈತರು ಬೆಳ್ಳಾರೆಯ ಖಜಾನೆಯನ್ನು ಹಿಡಿದು, ಮಂಗಳೂರಿನವರೆಗೆ ನಡೆದು, ಅಲ್ಲಿನ ಬಾವುಟಗುಡ್ಡದಲ್ಲಿ ತಮ್ಮ ಬಾವುಟ ಏರಿಸಿದರು. ಆ ಬಾವುಟಗುಡ್ಡದಲ್ಲಿ 2022ರಿಂದ ರಾಮಯ್ಯ ಗೌಡರ ದೊಡ್ಡ ಪ್ರತಿಮೆ ನಿಂತಿದೆ. ಲೋಹಕ್ಕೆ ಮೈಬಣ್ಣದ ಚಿಂತೆಯಿಲ್ಲ. ಗೌಡರ ಹಿಂದೆ ನಡೆದ ಹೆಸರಿಲ್ಲದವನೊಬ್ಬನಿಗೆ ಬಣ್ಣ ಬರೆಯುವ ನನಗೆ ಆ ಚಿಂತೆ ತಪ್ಪದು. ಕ್ಯಾಮೆರಾದ ಚಿತ್ರ ಪ್ಯಾರಿಸಿನಲ್ಲಿ ಲೋಕಕ್ಕೆ ಪ್ರಕಟವಾದದ್ದೇ 1839ರಲ್ಲಿ. ಅದಕ್ಕೆ ಎರಡು ವರ್ಷ ಮೊದಲೇ ನಡೆದುಹೋದವರ ಮುಖವನ್ನು ಎಲ್ಲಿ ಹುಡುಕುವುದು?

ಅದೇ ಸೀಮೆಯ ಕಡಬದ ತೋಟಗಳಲ್ಲಿ ಹುಡುಕಬೇಕು. ಬಿಸಿಲಲ್ಲಿ ದುಡಿಯುವ ಮೈಗೆ ಬಣ್ಣ ಒಂದಲ್ಲ. ಹೆಗಲು, ಕತ್ತಿನ ಹಿಂಭಾಗ, ಮುಂಗೈಗಳಲ್ಲಿ ಅದು ಗಾಢ. ಅಡಿಕೆ ಹಾಳೆಯ ಟೋಪಿಯಾದ ಮುಟ್ಟಾಳೆಯ ಅಂಚಿನ ಕೆಳಗೆ, ಹಣೆಯ ಮೇಲ್ತುದಿಯಲ್ಲಿ ತಿಳಿ. ಸೊಂಟದ ಬಟ್ಟೆ ತುಸು ಸರಿದಾಗ ಕಾಣುವ ಗೆರೆಯ ಆಚೆ ಇನ್ನೂ ತಿಳಿ. ಅಂಗೈ, ಅಂಗಾಲುಗಳಲ್ಲಿ ಬೇರೆಯದೇ ಬಣ್ಣ. ಮೊಣಕಾಲು, ಮೊಣಕೈಗಳ ಒರಟಿನಲ್ಲಿ ಮಂಕು ಕಪ್ಪು. ಅಡಿಕೆ ಸುಲಿಯುವ ಹಿರಿಯರ ಕೈಗಳನ್ನು ನೋಡುತ್ತ ಕುಳಿತರೆ, ಒಂದು ಜೀವಮಾನದ ದುಡಿಮೆಯ ಲೆಕ್ಕವೆಲ್ಲ ಅಲ್ಲಿ ಬರೆದಿಟ್ಟಂತೆ ಕಾಣುತ್ತದೆ. ನನ್ನ ರೈತನಿಗೆ ಹೆಸರಿಲ್ಲದಿರಬಹುದು. ಅವನು ಎಷ್ಟು ಬಿಸಿಲುಂಡವನೆಂದು ಅವನ ಮೈ ಹೇಳಲೇಬೇಕು.

ಇದೇ ನೆಲದಲ್ಲಿ ಬಣ್ಣಕ್ಕೆ ಇದಕ್ಕೆ ಎದುರಾದ ಇನ್ನೊಂದು ಕೆಲಸವೂ ಇದೆ. ದೈವಾರಾಧನೆಯ ನೇಮದ ರಾತ್ರಿ ದೈವನರ್ತಕರು ಮುಖಕ್ಕೆ ಅರದಾಳ ಹಚ್ಚುತ್ತಾರೆ. ಆ ಉಜ್ವಲ ಹಳದಿಯಡಿ ನೆರೆಮನೆಯ ಮನುಷ್ಯನ ಚರ್ಮ ಮರೆಯಾಗುತ್ತದೆ, ದಿನನಿತ್ಯ ಕಂಡ ಮುಖ ಕಾಣದಾಗುತ್ತದೆ, ಬರಬೇಕಾದವರು ಬರಲು ಜಾಗ ತೆರವಾಗುತ್ತದೆ. ಅಲ್ಲಿ ಬಣ್ಣ ಮನುಷ್ಯನನ್ನು ಮರೆಸಿ ದೈವವನ್ನು ಕರೆಯುತ್ತದೆ. ಇಲ್ಲಿ ಕುಂಚದ ತುದಿಯ ಬಣ್ಣ ಕಾಲದಲ್ಲಿ ಮರೆಯಾದ ಮನುಷ್ಯನನ್ನು ಕರೆಯಲು ಹೊರಟಿದೆ. ಎರಡಕ್ಕೂ ಶ್ರದ್ಧೆ ಒಂದೇ ಬೇಕು.

ಆದರೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಬೆರಗುಗೊಳಿಸಿರುವುದು ಬಣ್ಣದ ಮೂಲ. ಮೈಬಣ್ಣಕ್ಕೆ ನಾವು ಬೆರೆಸುವ ಓಕರ್, ಸಿಯೆನ್ನಾ, ಅಂಬರ್ ಎಲ್ಲವೂ ಮೂಲತಃ ಮಣ್ಣು. ಅವುಗಳ ಹಳದಿ, ಕೆಂಪು, ಕಂದಿಗೆ ಮುಖ್ಯ ಕಾರಣ ಕಬ್ಬಿಣ. ಹಳದಿ ಸಿಯೆನ್ನಾವನ್ನು ಸುಟ್ಟರೆ ಅದೇ ಕಬ್ಬಿಣ ಕೆಂಪಿಗೆ ತಿರುಗುತ್ತದೆ. ಕಡಬದ ಗುಡ್ಡ ಕಡಿದಲ್ಲಿ ಕಾಣುವ ಮುರಕಲ್ಲಿನ ಕೆಂಪೂ ಅದೇ, ಕರಾವಳಿಯ ಹಳೆಯ ಗೋಡೆಗಳ ಕಾವಿಯೂ ಅದೇ. ಚರ್ಮದಡಿ ಹರಿಯುವ ರಕ್ತದ ಕೆಂಪಿನಲ್ಲಿಯೂ ಕಬ್ಬಿಣವೇ ಕುಳಿತಿದೆ! ವಯಸ್ಕರ ಮೈಯಲ್ಲಿ ಒಟ್ಟು 3ರಿಂದ 4 ಗ್ರಾಂ ಕಬ್ಬಿಣ. ಅದರ ಬಹುಪಾಲು ಹಿಮೋಗ್ಲೋಬಿನ್ನಿನಲ್ಲಿ ಸೇರಿಕೊಂಡು ಉಸಿರನ್ನು ಹೊತ್ತು ತಿರುಗುತ್ತದೆ. ಪ್ರತಿಮೆಯ ಕೆನ್ನೆಗೆ ನಾನು ಕೆಂಪು ಹಚ್ಚಿದಾಗ ಹಚ್ಚಿದ್ದು ನಕಲಿನ ಬಣ್ಣ ಎನ್ನಲು ಮನಸ್ಸು ಒಪ್ಪುವುದಿಲ್ಲ. ಆ ರೈತನ ನಿಜವಾದ ಕೆನ್ನೆಯನ್ನು ಕೆಂಪಾಗಿಸಿದ್ದ ಧಾತುವೇ ಬೇರೊಂದು ರೂಪದಲ್ಲಿ ಇಲ್ಲಿದೆ.

ಮೈಬಣ್ಣವನ್ನು ಅಳೆದು ವಿಂಗಡಿಸಲು ಹೊರಟವರೂ ಇದ್ದರು. ಫೆಲಿಕ್ಸ್ ಫಾನ್ ಲುಶಾನ್ ಎಂಬ ಮಾನವಶಾಸ್ತ್ರಜ್ಞ ರೂಪಿಸಿದ 36 ಬಣ್ಣದ ಗಾಜಿನ ಬಿಲ್ಲೆಗಳನ್ನು ಜನರ ಚರ್ಮದ ಪಕ್ಕ ಹಿಡಿದು ಸಂಖ್ಯೆ ಬರೆದುಕೊಳ್ಳುತ್ತಿದ್ದರು. ಒಬ್ಬನೇ ಮನುಷ್ಯನಿಗೆ ಬೇರೆ ಬೇರೆ ಸಂಖ್ಯೆ ಬಂದು ಆ ಕ್ರಮ ಹಿಂದೆ ಬಿತ್ತು. ಬೆಳಕಿಗೆ ಒಳಗೆ ದಾರಿ ಕೊಡುವ ಜೀವಂತ ಚರ್ಮವನ್ನು ಒಂದೇ ಬಣ್ಣದ ಬಿಲ್ಲೆ ಹೇಗೆ ಹಿಡಿದೀತು? ಮೆಲನಿನ್ ತಯಾರಿಸುವ ಜೀವಕೋಶಗಳ ಸಂಖ್ಯೆ ಎಲ್ಲ ಜನರಲ್ಲೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿರುವುದು ಅವು ತಯಾರಿಸುವ ಕಣಗಳ ಪ್ರಮಾಣದಲ್ಲಿ, ಗಾತ್ರದಲ್ಲಿ, ಹರವಿನಲ್ಲಿ. ಕಪ್ಪು, ಬಿಳಿ ಎಂದು ನಾವು ಕಟ್ಟಿಕೊಂಡ ಗೋಡೆಗಳೆಲ್ಲ ಇಷ್ಟು ತೆಳುವಾದ ಅಂತರದ ಮೇಲೆ ನಿಂತಿವೆ.

ಕಡಲೆಕಾಳಿನಷ್ಟು ಮುಖಕ್ಕೆ ಬಣ್ಣ ಬರೆಯುವುದು ಸಣ್ಣ ಕೆಲಸವೇ ಇರಬಹುದು. ಅದು ಕಲಿಸುವ ನೋಟ ಸಣ್ಣದಲ್ಲ. ಯಾರ ಮುಖವೂ ಒಂದು ಬಣ್ಣದ್ದಲ್ಲ ಎಂದು ಕೈಯಿಂದ ಕಲಿತವರಿಗೆ, ಬಣ್ಣ ನೋಡಿ ಮನುಷ್ಯರನ್ನು ತೂಗುವುದು ಬರೀ ಅನ್ಯಾಯವಾಗಿ ಅಲ್ಲ, ಸರಿಯಾಗಿ ನೋಡಲು ಬಾರದಿರುವುದಾಗಿಯೂ ತೋರುತ್ತದೆ. ಕಣ್ಣನ್ನು ಇಷ್ಟು ತಿದ್ದುವ ಕೆಲಸ ಯಾವುದೇ ಆಗಲಿ, ಅದನ್ನು ಮಕ್ಕಳ ಕೈಗೂ ಕೊಡಬೇಕು.