ಬಿಳಿಯನ ಬಿಲದಲ್ಲಿ ನಮ್ಮ ನೆಂಟರು

ಕೇರಿಯಿಂದ ಕಾಲು ಕಿತ್ತವನು ಸಮುದ್ರ ದಾಟಿ ಹೋಗಿ ಇನ್ನೊಬ್ಬರ ಕೇರಿಯ ಎದುರು ಮನೆ ಹೂಡಿದರೆ ಅವನು ಯಾರು? ಆಗಲೂ ತುಳಿತಕ್ಕೆ ಸಿಕ್ಕವನೇ? ಅಥವಾ ತುಳಿಯುವವರ ಸಾಲಿನ ಕೊನೆಗೆ ಬಂದು ನಿಂತವನೇ?

ಇದು ಪುಸ್ತಕದಿಂದ ಹುಟ್ಟಿದ ಪ್ರಶ್ನೆಯಲ್ಲ. ನಮ್ಮ ಅಕ್ಕ ಭಾವ ಹತ್ತು ವರ್ಷಕ್ಕೂ ಮೇಲಾಯಿತು ಆಸ್ಟ್ರೇಲಿಯಾಕ್ಕೆ ಹೋಗಿ. ಈಗ ಅಲ್ಲಿನ ಮರುಭೂಮಿಯ ಕೂಬರ್ ಪೀಡಿ ಎಂಬ ಗಣಿ ಊರಲ್ಲಿದ್ದಾರೆ. ಅಕ್ಕ ನರ್ಸು. ಭಾವನಿಗೆ ಪೆಟ್ರೋಲ್ ಬಂಕಿನಲ್ಲಿ ಕೆಲಸ. ಅಕ್ಕನ ಬಾಣಂತನಕ್ಕೆ ಅವ್ವನನ್ನು ಕರೆದುಕೊಂಡು ಹೋದ ನಾವು ಆರು ವಾರ ಅಲ್ಲಿದ್ದೆವು. ಕಂಡದ್ದನ್ನೆಲ್ಲ ಪ್ರವಾಸ ಕಥನ ಮಾಡುವ ಚಪಲ ನಮಗಿಲ್ಲ. ಊರು ನೋಡಲು ಹೋಗುವವರು ಉಳ್ಳವರು. ನಮ್ಮ ಜನ ಊರು ಬಿಡುವುದು ಹೊಟ್ಟೆಪಾಡಿಗೆ, ಇಲ್ಲವೇ ಮಾನಕ್ಕೆ. ಆದರೆ ಹೀಗೆ ಹೋದವರ ನೈತಿಕ ಪ್ರಶ್ನೆಗಳನ್ನು ನಮ್ಮ ಸಾಹಿತ್ಯ ಇನ್ನೂ ಸರಿಯಾಗಿ ಕೈಗೆತ್ತಿಕೊಂಡಿಲ್ಲ. ಅದಕ್ಕಾಗಿ ಈ ಬರಹ.

ಮೊದಲು ಊರನ್ನು ತಿಳಿಯೋಣ. ಅಡಿಲೇಡ್ ನಗರದಿಂದ ಉತ್ತರಕ್ಕೆ 846 ಕಿಲೋಮೀಟರ್. ಒಂದು ರಾತ್ರಿ ಪೂರ್ತಿ ಬಸ್ಸು. ಬೇಸಗೆಯಲ್ಲಿ ಬಿಸಿಲು 45 ಡಿಗ್ರಿ ದಾಟುತ್ತದೆ. ವರ್ಷಕ್ಕೆ ಬೀಳುವ ಮಳೆ 150 ಮಿಲಿಮೀಟರಿನ ಆಸುಪಾಸು. ನಮ್ಮ ಚಳ್ಳಕೆರೆಯ ಒಣಸೀಮೆ ಕೂಡ ಅದರ ಮುಂದೆ ಮಲೆನಾಡು. 1915ರಲ್ಲಿ ಚಿನ್ನ ಹುಡುಕಲು ಬಂದ ತಂಡದೊಂದಿಗಿದ್ದ 14 ವರ್ಷದ ಹುಡುಗ ವಿಲ್ಲಿ ಹಚಿಸನ್‌ಗೆ ಇಲ್ಲಿ ಚಿನ್ನದ ಬದಲು ಓಪಲ್ ಸಿಕ್ಕಿತು. ಬೆಳಕು ಬಿದ್ದರೆ ಕಾಮನಬಿಲ್ಲಿನ ಬಣ್ಣವನ್ನೆಲ್ಲ ಕಾರುವ ಕಲ್ಲು ಅದು. ಮೊದಲ ಮಹಾಯುದ್ಧ ಮುಗಿಸಿ ಬಂದ ಸೈನಿಕರು ಇಲ್ಲಿ ಅಗೆಯಲು ಬಂದು, ಬಿಸಿಲು ತಡೆಯಲಾರದೆ ಗುಡ್ಡ ಕೊರೆದು ಒಳಗೇ ಸಂಸಾರ ಹೂಡಿದರು. ಎರಡನೇ ಮಹಾಯುದ್ಧದ ನಂತರ ಗ್ರೀಸ್, ಇಟಲಿ, ಯುಗೊಸ್ಲಾವಿಯಾದಿಂದ ಬಡವರು ಬಂದರು. ಇವತ್ತಿಗೂ ಅಲ್ಲಿ ಮನೆ, ಅಂಗಡಿ, ಚರ್ಚು ಎಷ್ಟೋ ನೆಲದೊಳಗಿವೆ. ಹೊರಗೆ ಕೆಂಡ ಸುರಿದರೂ ಒಳಗೆ 23ರಿಂದ 25 ಡಿಗ್ರಿ. ಸುತ್ತ ಎರಡೂವರೆ ಲಕ್ಷಕ್ಕೂ ಹೆಚ್ಚು ಗಣಿಗುಂಡಿಗಳಿವೆ ಎನ್ನುತ್ತಾರೆ. ಅಗೆದು ಹಾಕಿದ ಮಣ್ಣಿನ ಗುಡ್ಡೆಗಳು ಕಣ್ಣು ಹಾಯುವಷ್ಟು ದೂರ ಹುತ್ತದ ಹಾಗೆ ನಿಂತಿವೆ.

ಊರಿನ ಹೆಸರು ಬಂದದ್ದು ಅಲ್ಲಿನ ಮೂಲನಿವಾಸಿಗಳ 'ಕೂಪ ಪಿಟಿ' ಎಂಬ ಮಾತಿನಿಂದ. ಹಾಗೆಂದರೆ ಬಿಳಿಯನ ಬಿಲ. ಆಳು ತನ್ನೊಳಗೇ ನಕ್ಕು ಇಟ್ಟ ಅಡ್ಡಹೆಸರನ್ನು ಯಜಮಾನ ಬೋರ್ಡು ಬರೆಸಿ ಬಾಗಿಲಿಗೆ ತಗುಲಿಸಿದ ಹಾಗಿದೆ ಇದು.

ಇಂಥ ಊರನ್ನು ನಮ್ಮ ಅಕ್ಕ ಯಾಕೆ ಆರಿಸಿಕೊಂಡಳು? ಸಂಬಳ ಒಂದು ಕಾರಣ. ಇನ್ನೊಂದಿದೆ. ಅಡಿಲೇಡಿನಲ್ಲಿದ್ದಾಗ ಕನ್ನಡದವರೇ ಸೇರಿದ್ದ ಒಂದು ಯುಗಾದಿ ಊಟದಲ್ಲಿ ಯಾರೋ ಇವಳ ಊರಿನ ಹೆಸರು ಕೇಳಿದರು. ಆಮೇಲೆ ಅಪ್ಪನ ಹೆಸರು ಕೇಳಿದರು. ಆಮೇಲೆ ನಗುನಗುತ್ತಲೇ "ನೀವು ಯಾವ ಪೈಕಿ?" ಅಂದರು. ಪಾಸ್‌ಪೋರ್ಟಿನಲ್ಲಿ ಇಲ್ಲದ್ದು ಊಟದೆಲೆಯ ಮುಂದೆ ಬಂದು ಕೂತಿತ್ತು. ಮರುಭೂಮಿಯಲ್ಲಿ ಈ ಪ್ರಶ್ನೆ ಇಲ್ಲ. "ಇಲ್ಲಿ ಗ್ರೀಕನಿಗೆ ನನ್ನ ಜಾತಿ ತಗೊಂಡು ಏನಾಗಬೇಕು ಹೇಳು? ಸೂಜಿ ನೋವಾಗದಂಗೆ ಚುಚ್ಚಿದ್ರೆ ಸಾಕು ಕಣಪ್ಪ" ಅನ್ನುತ್ತಾಳೆ ಅಕ್ಕ. ಪಕ್ಕದ ಮನೆಯ ಸರ್ಬಿಯಾದ ಮುದುಕ ಸೀದಾ ಅಡುಗೆಮನೆಗೆ ಬಂದು ಸಾರು ಹಾಕಿಸಿಕೊಂಡು ಉಣ್ಣುತ್ತಾನೆ. ಅವ್ವ ಅವನಿಗೆ ಮುದ್ದೆ ಮುರಿಯುವುದನ್ನು ಹೇಳಿಕೊಟ್ಟಳು. ಅರುವತ್ತು ವರ್ಷ ಬದುಕಿದ ಊರಿನಲ್ಲಿ ಮೇಲಿನ ಬೀದಿಯ ಒಂದು ನರಪಿಳ್ಳೆಯೂ ಅವಳ ಒಲೆಯ ಹತ್ತಿರ ಬಂದಿರಲಿಲ್ಲ. ಈ ನೆಮ್ಮದಿಯನ್ನು ಹಂಗಿಸುವ ಹಕ್ಕು ಯಾರಿಗೂ ಇಲ್ಲ. ದೇಶಪ್ರೇಮದ ಹೆಸರಿನಲ್ಲಂತೂ ಇಲ್ಲವೇ ಇಲ್ಲ.

ಆದರೆ ಆ ಊರಿಗೂ ಒಂದು ಅಂಚಿದೆ. ಅಂಚಿನಲ್ಲಿ ಉಮೂನ ಇದೆ. ಅಂಟಕಿರಿಂಜ ಮುಂತಾದ ಮೂಲಜನರು ಅಲ್ಲಿ ವಾಸ. ಈ ನೆಲದಲ್ಲಿ ಅವರ ಪಾರಂಪರಿಕ ಹಕ್ಕನ್ನು ಅಲ್ಲಿನ ನ್ಯಾಯಾಲಯ ಒಪ್ಪಿದ್ದು 2011ರಲ್ಲಿ. ಅಂದರೆ ಓಪಲ್ ಸಿಕ್ಕಿ 96 ವರ್ಷವಾದ ಮೇಲೆ. ಊರು ಇಲ್ಲಿ, ಕೇರಿ ಅಲ್ಲಿ. ಈ ನಕ್ಷೆ ಓದಲು ನಮಗೆ ಯಾರ ಸಹಾಯವೂ ಬೇಕಾಗಲಿಲ್ಲ.

ಯಂತ್ರ ಅಗೆದು ಚೆಲ್ಲಿದ ಮಣ್ಣಿನಲ್ಲಿ ತಪ್ಪಿಹೋದ ಓಪಲ್ ಚೂರು ಹುಡುಕುವುದಕ್ಕೆ ಅಲ್ಲಿ 'ನೂಡ್ಲಿಂಗ್' ಅನ್ನುತ್ತಾರೆ. ಪ್ರವಾಸಿಗರಿಗೆ ಅದೊಂದು ಆಟ. ಮೂಲನಿವಾಸಿಗಳಲ್ಲಿ ಎಷ್ಟೋ ಮನೆಗೆ ಅದು ಕಾಸು ಹುಟ್ಟುವ ದಾರಿ. ಗುಡ್ಡೆಯ ಮೇಲೆ ಕೂತು ಮಣ್ಣು ಕೆದಕುತ್ತಿದ್ದ ಇಬ್ಬರು ಹೆಂಗಸರನ್ನು ನೋಡಿ ಅವ್ವ, "ಇವರೂ ನಮ್ಮಂಗೇ ಹಕ್ಕಲು ಆಯ್ತಾವ್ರಲ್ಲ" ಅಂದಳು. ಕೊಯ್ಲಾದ ಗದ್ದೆಯಲ್ಲಿ ಉದುರಿದ ತೆನೆ ಆಯ್ದು ನಮ್ಮನ್ನು ಸಾಕಿದವಳು ಅವಳು. ಹಕ್ಕಲು ಅನ್ನುವ ಮಾತಿಗಿಂತ ಸರಿಯಾದ ಅನುವಾದ ನೂಡ್ಲಿಂಗಿಗೆ ಯಾವ ನಿಘಂಟಿನಲ್ಲೂ ಸಿಗಲಾರದು. ಇನ್ನೊಂದು ಸಂಗತಿ ಕೇಳಿ: 1946ರಲ್ಲಿ ಎಂಟು ಮೈಲಿ ಎಂಬ ಜಾಗದಲ್ಲಿ ದೊಡ್ಡ ಓಪಲ್ ನಿಕ್ಷೇಪ ಕಂಡವಳು ಟಾಟಿ ಬ್ರಯಂಟ್ ಎಂಬ ಮೂಲನಿವಾಸಿ ಹೆಣ್ಣುಮಗಳು. ಸೊರಗಿದ್ದ ಊರಿಗೆ ಜನ ಮತ್ತೆ ನುಗ್ಗಿದ್ದು ಆಮೇಲೆ. ದಾರಿ ತೋರಿಸಿದವರು ಗುಡ್ಡೆಯ ಮೇಲೆ ಉಳಿದರು.

ಈ ಜನರ ಬಗ್ಗೆ ಭಾವ ಹೇಳಿದ ಮಾತು ಇದು: "ಇವರಿಗೆ ಗೌರ್ಮೆಂಟು ಕೂರಿಸಿ ದುಡ್ಡು ಕೊಡ್ತದೆ. ದುಡಿಯಲ್ಲ, ಬರೀ ಕುಡೀತಾರೆ."

ಗೆಳೆಯರೇ, ಈ ವಾಕ್ಯವನ್ನು ನೀವು ಎಲ್ಲಿ ಕೇಳಿದ್ದೀರಿ? ನಾವು ಹಾಸ್ಟೆಲಿನ ಗೇಟಿನಲ್ಲಿ ಕೇಳಿದ್ದೇವೆ. ಸ್ಕಾಲರ್‌ಶಿಪ್ಪಿನ ಸಾಲಿನಲ್ಲಿ ಕೇಳಿದ್ದೇವೆ. "ಸರ್ಕಾರದ ಅಳಿಯಂದಿರು" ಅಂತ ನಮ್ಮ ಬೆನ್ನಿಗೆ ಅಂಟಿಸಿದ ಚೀಟಿಯೇ ಅದು. ಭಾವ ಅದನ್ನು ಊರಿಂದ ಕಟ್ಟಿಕೊಂಡು ಹೋಗಿರಲಿಲ್ಲ. ಅಲ್ಲೇ, ಬಂಕಿನ ಕೌಂಟರಿನಲ್ಲಿ, ಅವರಿವರ ಬಾಯಿಂದ ಸಿಕ್ಕಿದ್ದು. ಹೊಸ ನಾಡು ವಲಸೆ ಬಂದವನಿಗೆ ಕೆಲಸ ಕೊಡುತ್ತದೆ, ಕಾಗದಪತ್ರ ಕೊಡುತ್ತದೆ. ಜೊತೆಗೆ ಪುಕ್ಕಟೆಯಾಗಿ ಒಂದು ಬೈಗುಳವನ್ನೂ ಕೊಡುತ್ತದೆ. ಅದನ್ನು ಆಡಿದ ದಿನ ಅವನು ಆ ಊರಿನವನಾಗುತ್ತಾನೆ. ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಎಂದು ಕರೆದದ್ದರ ಗುಟ್ಟೇ ಇದು. ಏಣಿಯ ಪ್ರತಿ ಮೆಟ್ಟಿಲಿನವನಿಗೂ ಕೆಳಗೊಬ್ಬನನ್ನು ಒದಗಿಸಿಕೊಟ್ಟರೆ ಏಣಿಯನ್ನು ಮುರಿಯುವ ಮನಸ್ಸು ಯಾರಿಗೂ ಬರುವುದಿಲ್ಲ. ಜಾತಿ ಇಲ್ಲದ ಮರುಭೂಮಿಯಲ್ಲೂ ಏಣಿ ನಿಲ್ಲಿಸಲು ಜಾಗವಿದೆ.

ಭಾವನ ಬಾಯಿ ಮುಚ್ಚಿಸುವುದು ಸುಲಭ. ಆದರೆ ಅವರ ವಾದವನ್ನು ಪೂರ್ತಿ ಕೇಳಬೇಕು. "ನೋಡಪ್ಪ, ಅವರ ಭೂಮಿ ಕಿತ್ಕೊಂಡೋರು ನಾವಾ? ಊರಲ್ಲಿ ನಮಗೆ ಒಂದು ಗುಂಟೆ ಇತ್ತಾ? ಇವರಿಗಿಂತ ನಾವೇನು ಕಮ್ಮಿ ಹೊಡೆಸ್ಕೊಂಡಿದೀವಾ? ರಾತ್ರಿ ಪಾಳಿ ಮಾಡಿ ಮನೆ ಬಾಡಿಗೆ ಕಟ್ತೀನಿ. ನನ್ನನ್ನ ಏನು ಕೇಳ್ತೀಯ?"

ಈ ಮಾತಿನಲ್ಲಿ ಸುಳ್ಳಿಲ್ಲ. ಭೂಮಿ ಕಿತ್ತುಕೊಂಡದ್ದು ಬ್ರಿಟಿಷ್ ವಸಾಹತು. ಆ ನೆಲ ಯಾರದೂ ಅಲ್ಲ ಎಂದು ಬಗೆದೇ ಅದು ಆಕ್ರಮಿಸಿತು. ಆ ಸುಳ್ಳನ್ನು ಅಲ್ಲಿನ ಉಚ್ಚ ನ್ಯಾಯಾಲಯ ತಳ್ಳಿಹಾಕಿದ್ದು 1992ರ ಮಾಬೊ ತೀರ್ಪಿನಲ್ಲಿ. ಅದೇ ವ್ಯವಸ್ಥೆ 1901ರ ಕಾನೂನಿನಿಂದ ನಮ್ಮಂಥ ಬಣ್ಣದವರನ್ನೂ ಹೊರಗಿಟ್ಟಿತ್ತು. ಬಿಳಿಯರ ಆಸ್ಟ್ರೇಲಿಯಾ ಎಂಬ ಆ ನೀತಿ ಪೂರ್ತಿ ತೊಲಗಿದ್ದು 1973ರಲ್ಲಿ. ಕೂಬರ್ ಪೀಡಿಯಲ್ಲಿ ಬೆರಳಿಟ್ಟು ತೋರಿಸಲು ದೊಡ್ಡ ಕಂಪನಿಯೂ ಇಲ್ಲ. ಒಬ್ಬೊಬ್ಬರು ಸಣ್ಣ ಸಣ್ಣ ತುಂಡು ಜಾಗಕ್ಕೆ ಪರವಾನಗಿ ಪಡೆದು ಅಗೆಯುತ್ತಾರೆ. ಹಸಿವಿನಿಂದ ಬಂದವರೇ ಹಸಿವಿನವರ ನೆಲ ತೋಡಿದ್ದಾರೆ. ಹಾಗಾದರೆ ಯಾರದೂ ತಪ್ಪಿಲ್ಲ ಎಂದು ಎದ್ದು ಹೋಗೋಣವೇ?

ಇಲ್ಲಿ ನಮ್ಮ ಮನೆಯದೇ ಒಂದು ಉದಾಹರಣೆ ನೋಡೋಣ. 1978ರ ಪಿ.ಟಿ.ಸಿ.ಎಲ್. ಕಾಯಿದೆ ನಿಮಗೆಲ್ಲ ಗೊತ್ತು. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಷರತ್ತು ಮುರಿದು ಕೊಂಡಿದ್ದರೆ ಆ ಕ್ರಯ ಅಸಿಂಧು; ಜಮೀನು ಮೂಲ ಮಂಜೂರುದಾರನಿಗೆ ಅಥವಾ ಅವನ ವಾರಸುದಾರರಿಗೆ ವಾಪಸು. ಆಗ ಕೊಂಡವರು ಏನೆಂದು ಕೂಗಿದರು? "ನಾವು ಕದ್ದಿಲ್ಲ, ದುಡ್ಡು ಕೊಟ್ಟಿದ್ದೇವೆ." ಅವರಲ್ಲಿ ಕೆಲವರು ಸಣ್ಣ ರೈತರೂ ಇದ್ದರು. 1984ರಲ್ಲಿ ಸುಪ್ರೀಂ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. 2023ರಲ್ಲಿ, ಹೀಗೆ ಜಮೀನು ಕೇಳಲು ಕಾಲಮಿತಿ ಇಲ್ಲವೆಂದು ತಿದ್ದುಪಡಿಯೂ ಬಂತು. ನಾವು ಬೀದಿಯಲ್ಲಿ ನಿಂತು ಕೂಗಿದ ನ್ಯಾಯ ಯಾವುದು? ಕೊಂಡವನು ಕಳ್ಳನಲ್ಲದಿರಬಹುದು, ಆದರೆ ಅನ್ಯಾಯದಿಂದ ಕೈ ದಾಟಿದ ವಸ್ತು ಕೈ ದಾಟಿದ ಮಾತ್ರಕ್ಕೆ ಶುದ್ಧವಾಗುವುದಿಲ್ಲ, ಅಲ್ಲವೇ? ಈ ನ್ಯಾಯ ಆನೇಕಲ್ಲಿನಲ್ಲಿ ಸರಿಯಾದರೆ ಕೂಬರ್ ಪೀಡಿಯಲ್ಲೂ ಸರಿ. ನಮಗೆ ಬರಬೇಕಾದಾಗ ಹಿಡಿಯುವ ತಕ್ಕಡಿಯನ್ನು ನಾವು ಕೊಡಬೇಕಾದಾಗ ಅಟ್ಟದ ಮೇಲೆ ಇಡಲಾಗದು.

ಹಾಗಂತ ಅಕ್ಕ ಭಾವ ಪಾಪಿಗಳೇ? ಅಲ್ಲ. ಪಾಪ ಪುರೋಹಿತನ ಮಾತು. ಅದಕ್ಕೆ ಪ್ರಾಯಶ್ಚಿತ್ತ ಉಂಟು, ದಕ್ಷಿಣೆ ಉಂಟು, ಮುಗಿಯಿತು. ನಮ್ಮ ಕವಿಗೋಷ್ಠಿಗಳಲ್ಲಿ ಕಣ್ಣೀರು ಹಾಕಿ, ಮನೆಗೆ ಹೋಗಿ ಹಿತ್ತಲ ಬಾಗಿಲಲ್ಲೇ ಆಳಿಗೆ ಊಟ ಕೊಡುವ ಪ್ರಗತಿಪರರನ್ನು ನಾವು ಕಂಡಿದ್ದೇವೆ. ಅವರ ಪಾಪಪ್ರಜ್ಞೆ ನಮಗೆ ಒಂದು ಹಿಡಿ ರಾಗಿಯನ್ನೂ ಕೊಡಲಿಲ್ಲ. ಅದೇ ರೋಗವನ್ನು ನಮ್ಮವರಿಗೆ ಅಂಟಿಸಬಾರದು. ಹಾಗಾದರೆ ಸಾಲ ಅನ್ನೋಣವೇ? ಅದೂ ಬೇಡ. ಅಪ್ಪನ ಸಾಲಕ್ಕೆ ಮಗ ಜೀತವಿದ್ದ ಕುಲ ನಮ್ಮದು. 1976ರಲ್ಲಿ ಜೀತ ರದ್ದಾಗುವ ತನಕ ಕಾನೂನೂ ಕಣ್ಣುಮುಚ್ಚಿತ್ತು. ಹುಟ್ಟಿನಿಂದ ತಲೆಗೆ ಬರುವ ಯಾವ ಸಾಲವನ್ನೂ ನಾವು ಒಪ್ಪುವುದಿಲ್ಲ.

ನಮಗೆ ಬೇಕಾದ ಮಾತು ಹೊಣೆ. ಹೊಣೆ ಹುಟ್ಟಿನಿಂದ ಬರುವುದಿಲ್ಲ. ನಾವು ಎಲ್ಲಿ ನಿಂತಿದ್ದೇವೆ, ನಮ್ಮ ಕೈಯಲ್ಲಿ ಏನಿದೆ ಎಂಬುದರಿಂದ ಬರುತ್ತದೆ. ಅಕ್ಕನ ಕೈಯಲ್ಲಿ ಸೂಜಿ ಇದೆ, ಭಾವನ ಕೈಯಲ್ಲಿ ಬಂಕಿನ ಕೌಂಟರಿದೆ. ಆ ದೇಶದ ಪ್ರಜೆಗಳಾದ ಮೇಲೆ ಇಬ್ಬರ ಕೈಯಲ್ಲೂ ಓಟು ಇದೆ. 2023ರ ಅಕ್ಟೋಬರ್ 14ರಂದು, ಮೂಲಜನರಿಗೆ ಸಂಸತ್ತಿನ ಮುಂದೆ ಒಂದು ದನಿ ಇರುವಂತೆ ಸಂವಿಧಾನ ತಿದ್ದಬೇಕೇ ಎಂದು ಅಲ್ಲಿ ಜನಮತ ಕೇಳಿದರು. ಶೇಕಡ 60ರಷ್ಟು ಜನ ಬೇಡವೆಂದರು. ಅಂಥ ದಿನ ಕೇರಿಯಲ್ಲಿ ಹುಟ್ಟಿದವನ ಓಟು ಯಾವ ಕಡೆ ಬೀಳುತ್ತದೆ ಎಂಬುದು ಸಣ್ಣ ಪ್ರಶ್ನೆಯಲ್ಲ.

ಇನ್ನೂ ಒಂದು ಮಾತಿದೆ. ಹೊಣೆಯನ್ನು ದಯೆ ಎಂದು ತಿಳಿಯಬಾರದು. 1953ರ ಅಕ್ಟೋಬರಿನಲ್ಲಿ ಬ್ರಿಟಿಷ್ ಸರ್ಕಾರ ಈ ಮರುಭೂಮಿಯ ಎಮು ಫೀಲ್ಡ್ ಎಂಬಲ್ಲಿ ಎರಡು ಅಣುಬಾಂಬು ಸಿಡಿಸಿತು. ಮೂಲನಿವಾಸಿಗಳ ಮೇಲೆ ಕರೀ ಮಂಜು ಹಾದುಹೋಯಿತು. ಆಗ ಹುಡುಗನಾಗಿದ್ದ ಯಾಮಿ ಲೆಸ್ಟರ್ ಮುಂದೆ ಕಣ್ಣು ಕಳೆದುಕೊಂಡರು. 1984ರಲ್ಲಿ ವಿಚಾರಣಾ ಆಯೋಗ ಬರಲು ಅವರ ದನಿಯೂ ಕಾರಣ. ಅದೇ ಸೀಮೆಯಲ್ಲಿ ಅಣುತ್ಯಾಜ್ಯ ಹೂಳಲು ಸರ್ಕಾರ 1998ರಲ್ಲಿ ಹೊರಟಾಗ ತಿರುಗಿಬಿದ್ದವರು ಕೂಬರ್ ಪೀಡಿಯ ಮೂಲನಿವಾಸಿ ಅಜ್ಜಿಯರು. 'ಕೂಪ ಪಿಟಿ ಕುಂಗ್ಕ ಜೂಟ' ಎಂಬುದು ಅವರ ಸಂಘಟನೆ. ಅವರ ಘೋಷಣೆ 'ಇರಾಟಿ ವಂಟಿ': ವಿಷವನ್ನು ಬಿಟ್ಟುಬಿಡಿ. ಕರೀ ಮಂಜಿನ ನೆನಪೇ ಅವರ ಸಾಕ್ಷಿ. 2004ರಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಕುಡೀತಾರೆ, ದುಡಿಯಲ್ಲ ಎನ್ನಿಸಿಕೊಂಡ ಜನ ಆರು ವರ್ಷ ಹೋರಾಡಿ ಒಂದು ದೇಶದ ಸರ್ಕಾರವನ್ನು ಹಿಮ್ಮೆಟ್ಟಿಸಿದರು. ಅವರು ತಮ್ಮ ಮೊಮ್ಮಕ್ಕಳಿಗಾಗಿ ಕಾಪಾಡಿದ ಆ ಸೀಮೆಯಲ್ಲಿ ನಮ್ಮ ಅಕ್ಕನ ಮಗುವೂ ಅಂಬೆಗಾಲಿಡಲಿದೆ. ಯಾರು ಯಾರಿಗೆ ಕೊಟ್ಟವರು? ಲೆಕ್ಕ ಹಾಕಿ ನೋಡಿ.

ಹಳ್ಳಿ ಶಾಲೆಗಳ ಮೇಷ್ಟ್ರುಗಳೇ, ನಿಮ್ಮ ಕೈಯಲ್ಲಿ ಓದಿದ ಕೇರಿಯ ಮಕ್ಕಳು ನಾಳೆ ನರ್ಸಾಗಿ, ಡ್ರೈವರಾಗಿ, ಎಂಜಿನಿಯರಾಗಿ ಇಂಥ ಊರುಗಳಿಗೆ ಹೋಗುತ್ತಾರೆ. ಹೋಗಲಿ. ತಡೆಯಬೇಡಿ. ಇಂಗ್ಲಿಷು ಕಲಿಸಿ, ಲೆಕ್ಕ ಕಲಿಸಿ. ಜೊತೆಗೆ ಇದೊಂದನ್ನೂ ಹೇಳಿ ಕಳಿಸಿ: ಹೋದ ಊರಿನಲ್ಲಿ ಹಕ್ಕಲು ಆಯುವವರು ಯಾರು ಎಂದು ಮೊದಲು ನೋಡು. ಅವರ ನೆಲಕ್ಕೆ ಅವರಿಟ್ಟ ಹೆಸರು ಕೇಳಿ ತಿಳಿ. ನಿನಗೆ ಇಲ್ಲಿ ಅಂದ ಮಾತನ್ನು ಅಲ್ಲಿ ಅವರಿಗೆ ಅನ್ನಬೇಡ. ಬೇರೆಯವರು ಅಂದರೆ ಸುಮ್ಮನೆ ನಿಂತು ಕೇಳಬೇಡ.

ಕೇರಿ ಬಿಟ್ಟು ಹೋಗುವುದು ಬಿಡುಗಡೆಯ ಅರ್ಧ. ಹೋದಲ್ಲಿ ಇನ್ನೊಂದು ಕೇರಿ ಇರುವುದಕ್ಕೆ ಒಪ್ಪದಿರುವುದು ಉಳಿದರ್ಧ.