ಪ್ರಮಾಣವಚನ ಸ್ವೀಕರಿಸದವರು

ಪೀಠದಲ್ಲಿ ಕೂತ ನ್ಯಾಯಾಧೀಶರಿಗೆ ಹೆಂಡತಿ, ಗಂಡ, ಮಕ್ಕಳು ಯಾರೂ ನೆನಪಾಗಬಾರದು ಎಂದು ನಾವು ಬಯಸುತ್ತೇವೆ. ಆದರೆ ತೀರ್ಪಿನಿಂದ ಕೆರಳಿದವನ ಕಣ್ಣಿಗೆ ಮೊದಲು ಬೀಳುವುದು ಆ ಮನೆಯವರೇ.

2005ರಲ್ಲಿ ಷಿಕಾಗೋದ ಫೆಡರಲ್ ನ್ಯಾಯಾಧೀಶೆ ಜೋನ್ ಲೆಫ್ಕೋ ಅವರ ಪತಿ ಮತ್ತು ವೃದ್ಧ ತಾಯಿ ಮನೆಯಲ್ಲೇ ಕೊಲೆಯಾದರು. ಕೊಂದವನ ಮೊಕದ್ದಮೆಯನ್ನು ಲೆಫ್ಕೋ ವಜಾ ಮಾಡಿದ್ದರು. 2020ರ ಜುಲೈ 19ರಂದು ನ್ಯೂಜೆರ್ಸಿಯ ನ್ಯಾಯಾಧೀಶೆ ಎಸ್ತರ್ ಸಲಾಸ್ ಅವರ ಮನೆಗೆ ಪಾರ್ಸೆಲ್ ತರುವವನ ವೇಷದಲ್ಲಿ ಒಬ್ಬ ವಕೀಲ ಬಂದ. 20 ವರ್ಷದ ಒಬ್ಬನೇ ಮಗ ಸತ್ತ, ಪತಿಗೆ ಗುಂಡೇಟು ಬಿತ್ತು. ಸಲಾಸ್ ಅವರಿಗೆ ಗಾಯವಾಗಲಿಲ್ಲ. ಹಾಗೆಂದು ಬರೆಯುವುದಕ್ಕೆ ನನಗೆ ಕೈ ಬರುವುದಿಲ್ಲ, ಆದರೂ ದಾಖಲೆ ಹಾಗೆಯೇ ಹೇಳುತ್ತದೆ.

ನ್ಯಾಯಾಧೀಶರು ಅಪಾಯ ಬಲ್ಲವರು, ಪ್ರಮಾಣವಚನ ಸ್ವೀಕರಿಸಿ ಬಂದವರು. ಮಗ ಯಾವ ಪ್ರಮಾಣ ಮಾಡಿದ್ದ? ಆ ಮನೆಯಲ್ಲಿ ಹುಟ್ಟಿದ್ದ, ಅಷ್ಟೆ. ಆದ್ದರಿಂದ ಕುಟುಂಬಕ್ಕೆ ಕೊಡುವ ಕಾವಲನ್ನು ಹುದ್ದೆಯ ಸವಲತ್ತು ಎನ್ನಲು ನನಗೆ ಮನಸ್ಸಿಲ್ಲ, ಅದು ಸರ್ಕಾರ ತೀರಿಸಬೇಕಾದ ಸಾಲ. ಕಕ್ಷಿದಾರರಿಗೂ ಇದರಲ್ಲಿ ಪಾಲಿದೆ: ಮಗಳು ಕಾಲೇಜಿನಿಂದ ಮನೆ ಮುಟ್ಟಿದಳೋ ಇಲ್ಲವೋ ಎಂದು ಹೆದರುತ್ತ ಕೂತವರ ಮುಂದೆ ವಾದ ಮಾಡಿ ಏನು ಪ್ರಯೋಜನ?

ಈ ಸಾಲ ತೀರಿದ ರೀತಿ ನೋಡಿ. 2022ರ ಜೂನ್ 8ರಂದು ಅಮೆರಿಕದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಕ್ಯಾವನಾ ಅವರ ಮನೆಯ ಬಳಿ ಶಸ್ತ್ರ ಹಿಡಿದು ಬಂದವನೊಬ್ಬ ಸೆರೆಸಿಕ್ಕ. ಆ ನ್ಯಾಯಾಲಯದ ಒಂಬತ್ತು ಮಂದಿಯ ಕುಟುಂಬಗಳಿಗೂ ಕಾವಲು ಕೊಡುವ ಮಸೂದೆ ಮೇ ತಿಂಗಳಲ್ಲೇ ಸೆನೆಟ್ ದಾಟಿತ್ತು. ಬಂಧನವಾದ ಎಂಟು ದಿನಕ್ಕೆ ಅಧ್ಯಕ್ಷರ ಸಹಿಯೂ ಬಿತ್ತು. ಕೆಳಹಂತದ ಫೆಡರಲ್ ನ್ಯಾಯಾಧೀಶರ ವಿಳಾಸಗಳನ್ನು ಅಂತರ್ಜಾಲದಿಂದ ತೆಗೆಸಲು ಅವಕಾಶ ಕೊಡುವ, ಸಲಾಸ್ ಅವರ ಮಗನ ಹೆಸರಿನದೇ ಕಾಯ್ದೆ ಬಂದದ್ದು ಅದೇ ವರ್ಷದ ಡಿಸೆಂಬರಿನಲ್ಲಿ, ಅವನು ಸತ್ತು ಎರಡು ವರ್ಷ ದಾಟಿದ ಮೇಲೆ. ಒಂಬತ್ತು ಮನೆ ಕಾಯುವುದು ಸುಲಭ, ನೂರಾರು ಮನೆ ಕಾಯುವುದು ಕಷ್ಟ, ಒಪ್ಪುತ್ತೇನೆ. ಆದರೆ ಹೆಣ ಬಿದ್ದದ್ದು ಆ ನೂರಾರು ಮನೆಗಳ ಪೈಕಿಯೇ.

ನಮ್ಮಲ್ಲೂ 2022ರ ಮಾರ್ಚ್‌ನಲ್ಲಿ ಹಿಜಾಬ್ ತೀರ್ಪು ಕೊಟ್ಟ ಕರ್ನಾಟಕ ಹೈಕೋರ್ಟಿನ ಮೂವರಿಗೆ ಜೀವ ಬೆದರಿಕೆ ಬಂದು, ಸರ್ಕಾರ ವೈ ದರ್ಜೆಯ ಭದ್ರತೆ ಕೊಟ್ಟಿತು. ಅದು ಸರಿಯೇ. ಅದಕ್ಕೆ ಕೆಲವೇ ತಿಂಗಳ ಹಿಂದೆ, 2021ರ ಜುಲೈನಲ್ಲಿ, ಧನಬಾದಿನ ಜಿಲ್ಲಾ ನ್ಯಾಯಾಧೀಶ ಉತ್ತಮ್ ಆನಂದ್ ಬೆಳಗಿನ ಓಟಕ್ಕೆ ಒಬ್ಬರೇ ಹೋಗಿದ್ದಾಗ ಆಟೋ ಗುದ್ದಿಸಿ ಅವರನ್ನು ಕೊಲ್ಲಲಾಯಿತು.

ಸಾಕ್ಷಿಗಳ ವಿಷಯದಲ್ಲಿ ನಾವು ಇದಕ್ಕಿಂತ ನೇರವಾಗಿ ಯೋಚಿಸಿದ್ದೇವೆ. 2018ರ ಸಾಕ್ಷಿ ರಕ್ಷಣಾ ಯೋಜನೆ ಸಾಕ್ಷಿಯ ಅಂತಸ್ತು ಕೇಳುವುದಿಲ್ಲ. ಬೆದರಿಕೆ ಎಷ್ಟು ದೊಡ್ಡದು, ಅದು ಮನೆಯವರ ಜೀವಕ್ಕೂ ಇದೆಯೇ ಎಂದು ಕೇಳುತ್ತದೆ. ತಾಲೂಕು ನ್ಯಾಯಾಧೀಶರ ಮನೆಯ ಬಗ್ಗೆ ಅದೇ ಪ್ರಶ್ನೆ ಕೇಳಲು ನಮಗೇನು ಅಡ್ಡಿ?