ಸಾಸಿವೆ ಡಬ್ಬಿಯಲ್ಲಿ ಉಳಿದ ಕಿಲೋಮೀಟರು

ಕುಣಿಗಲ್‌ನಿಂದ ಹೆಬ್ಬೂರಿನ ಮೇಲೆ ತುಮಕೂರಿಗೆ ಸುಮಾರು 36 ಕಿಲೋಮೀಟರು. ಎಲೆಕ್ಟ್ರಿಕ್ ಕಾರಿನ ಪರದೆ 41 ಎನ್ನುತ್ತಿದೆ ಅಂತಿಟ್ಟುಕೊಳ್ಳಿ. ಹೊರಡಬಹುದೇ? ಶಾಲೆಯ ಲೆಕ್ಕದಲ್ಲಿ ಇದು ಪ್ರಶ್ನೆಯೇ ಅಲ್ಲ, ಐದು ಉಳಿಯುತ್ತದೆ. ಆದರೆ ಆ 36 ಮತ್ತು ಈ 41 ಒಂದೇ ಜಾತಿಯ ಸಂಖ್ಯೆಗಳಲ್ಲ. ಮೊದಲನೆಯದನ್ನು ಯಾರೋ ರಸ್ತೆಯ ಮೇಲೆ ಅಳೆದಿದ್ದಾರೆ. ಎರಡನೆಯದನ್ನು ಯಾರೂ ಅಳೆದಿಲ್ಲ, ಅಳೆಯಲು ಬರುವುದೂ ಇಲ್ಲ, ಯಾಕೆಂದರೆ ಆ ದೂರವನ್ನು ಕಾರು ಇನ್ನೂ ಓಡಿಯೇ ಇಲ್ಲ.

ಕಾರು ಮಾಡುವುದು ಇಷ್ಟೇ. ಬ್ಯಾಟರಿಯಲ್ಲಿ ಎಷ್ಟು ವಿದ್ಯುತ್ ಉಳಿದಿರಬಹುದೆಂದು ಊಹಿಸುತ್ತದೆ. ಇತ್ತೀಚೆಗೆ ಕಿಲೋಮೀಟರಿಗೆ ಎಷ್ಟು ಖರ್ಚಾಯಿತೆಂದು ನೋಡಿ ಭಾಗಿಸುತ್ತದೆ. ನಮ್ಮ ನೈಯಾಯಿಕರು ಮೋಡ ಕಂಡು ಮಳೆ ಬಂದೀತು ಎನ್ನುವ ಅನುಮಾನವನ್ನು ಪೂರ್ವವತ್ ಎಂದೂ, ಹೊಳೆ ಉಬ್ಬಿದ್ದು ಕಂಡು ಮೇಲೆಲ್ಲೋ ಮಳೆಯಾಗಿದೆ ಎನ್ನುವುದನ್ನು ಶೇಷವತ್ ಎಂದೂ ಕರೆದರು. ಕಾರಿನ ಪರದೆ ಒಂದೇ ಅಂಕಿಯೊಳಗೆ ಎರಡನ್ನೂ ತುಂಬಿಸುತ್ತದೆ: ವೋಲ್ಟೇಜ್ ನೋಡಿ ಒಳಗಿನ ಸ್ಥಿತಿಯನ್ನು, ಆ ಸ್ಥಿತಿಯಿಂದ ಮುಂದಿನ ದಾರಿಯನ್ನು. ಅನುಮಾನವನ್ನೇ ಒಪ್ಪದ ಚಾರ್ವಾಕ ಇಂಥ ಕಾರು ಕೊಂಡರೆ ಪರದೆಗೊಂದು ಬಟ್ಟೆ ಹೊದಿಸಿ, ನಿಲ್ಲುವ ತನಕ ಓಡಿಸಬೇಕಾದೀತು.

ಇದುವರೆಗಿನ ದಾರಿಯಂತೆಯೇ ಮುಂದಿನ ದಾರಿಯೂ ಇರುತ್ತದೆ ಎಂಬ ನಂಬಿಕೆಗೆ ಅಭ್ಯಾಸಬಲವಲ್ಲದೆ ಬೇರೆ ಆಧಾರವಿಲ್ಲ ಎಂದು 18ನೇ ಶತಮಾನದಲ್ಲಿ ಡೇವಿಡ್ ಹ್ಯೂಮ್ ವಾದಿಸಿದ. ಅದನ್ನು ಕಣ್ಣಾರೆ ನೋಡಲು ತುಮಕೂರು ರಸ್ತೆ ಸಾಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ತುಮಕೂರು ಅದಕ್ಕಿಂತ ಹೆಚ್ಚುಕಡಿಮೆ ನೂರು ಮೀಟರ್ ತಗ್ಗಿನಲ್ಲಿ. ಒಂದೂವರೆ ಟನ್ ಕಾರನ್ನು ನೂರು ಮೀಟರ್ ಮೇಲೆತ್ತಲು 0.4 ಯೂನಿಟ್ ಬೇಕು, ಅಂದರೆ ಸಮತಟ್ಟು ರಸ್ತೆಯ ಸುಮಾರು 3 ಕಿಲೋಮೀಟರು. ಬರುವಾಗ ಇಳಿಜಾರಿನಲ್ಲಿ ಕಲಿತ ಪಾಠವನ್ನೇ ಕಾರು ವಾಪಸು ಹೊರಟಾಗಲೂ ಒಪ್ಪಿಸುತ್ತದೆ. ಇನ್ನು ವೇಗ 60ರಿಂದ 90ಕ್ಕೆ ಏರಿದರೆ ಗಾಳಿಯ ತಡೆ ಎರಡೂಕಾಲು ಪಟ್ಟು. ನೀವು ಯಾವ ವೇಗದಲ್ಲಿ ಹೋಗಬಹುದೆಂದು ಕಾರಿಗೆ ಹೇಗೆ ಗೊತ್ತಾಗಬೇಕು?

ತಳದಲ್ಲಿ ಸಂಗತಿ ಇನ್ನೂ ವಿಚಿತ್ರ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ವೋಲ್ಟೇಜ್ ನಡುವಿನ ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಅರ್ಧವಿದೆಯೋ ಮುಕ್ಕಾಲಿದೆಯೋ ಅದು ಬಾಯಿಬಿಡುವುದಿಲ್ಲ. ಒಳಹೋದದ್ದು, ಹೊರಬಂದದ್ದು ಎಣಿಸುತ್ತ ಕೂರಬೇಕು, ಎಣಿಕೆಯ ತಪ್ಪು ದಿನದಿನಕ್ಕೆ ಬೆಳೆಯುತ್ತದೆ. ಮುಗಿಯುವ ಹೊತ್ತಿಗೆ ಮಾತ್ರ ವೋಲ್ಟೇಜ್ ಸರ್ರನೆ ಇಳಿದು ನಿಜ ಹೇಳುತ್ತದೆ. ಅದೂ ಸಾಲಿನಲ್ಲಿರುವ ಅತ್ಯಂತ ದುರ್ಬಲ ಕೋಶ ಸೋತಾಗಲೇ ಇಡೀ ಬ್ಯಾಟರಿ ನಿಲ್ಲಬೇಕು, ಪಕ್ಕದವುಗಳಲ್ಲಿ ಇನ್ನಷ್ಟು ಉಳಿದಿದ್ದರೂ.

ಹಾಗಾಗಿ ತಪ್ಪಂತೂ ಆಗುತ್ತದೆ. ಯಾವ ಕಡೆಗೆ ತಪ್ಪಬೇಕು? ಹೆಚ್ಚು ತೋರಿಸಿದರೆ ಮನುಷ್ಯ ನಡುದಾರಿಯಲ್ಲಿ ನಿಲ್ಲುತ್ತಾನೆ, ಕಡಿಮೆ ತೋರಿಸಿದರೆ ಬದುಕಿಕೊಳ್ಳುತ್ತಾನೆ. ಅಂದಮೇಲೆ ಒಂದಿಷ್ಟು ಬಚ್ಚಿಡುವುದೇ ದಯೆ ಅಲ್ಲವೇ? ಸೊನ್ನೆ ಬಿದ್ದ ಮೇಲೂ ಕೆಲವು ಕಾರುಗಳು ಒಂದಷ್ಟು ದೂರ ಹೋಗುವುದು ಇದರಿಂದಲೇ.

ಇದನ್ನು ಮುಚ್ಚುಮರೆಯಿಲ್ಲದೆ ಮಾಡಿದವರು ನಮ್ಮ ಬೆಂಗಳೂರಿನವರೇ. 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ಕಾರಿನ ಕಂಪನಿ 2009ರ ಫ್ರಾಂಕ್‌ಫರ್ಟ್ ಮೋಟಾರು ಪ್ರದರ್ಶನದಲ್ಲಿ ‘ರಿವೈವ್’ ಎಂಬ ಏರ್ಪಾಡನ್ನು ಮುಂದಿಟ್ಟಿತು. ಬ್ಯಾಟರಿ ಮುಗಿದು ನಿಂತವನು ಫೋನೋ ಸಂದೇಶವೋ ಮಾಡಿದರೆ, ಕಂಪನಿಯವರು ಕೂತಲ್ಲಿಂದಲೇ ಕಾದಿಟ್ಟ ಒಂದು ಪಾಲನ್ನು ಬಿಡುಗಡೆ ಮಾಡುತ್ತಾರೆ. ಮಹೀಂದ್ರಾ ತೆಕ್ಕೆಗೆ ಹೋದ ಮೇಲೆ 2013ರ ಇ2ಒ ಕಾರಿಗೂ ಇದು ಬಂತು.

ಓದಿದಾಗ ನನಗೆ ನೆನಪಾದದ್ದು ಸಾಸಿವೆ ಡಬ್ಬಿ. ಮನೆಯಲ್ಲಿ ಅಮ್ಮ ‘ಒಂದು ಪೈಸೆ ಇಲ್ಲ’ ಅನ್ನುತ್ತಾಳೆ. ಪರೀಕ್ಷಾ ಶುಲ್ಕದ ಕೊನೆಯ ದಿನ ಡಬ್ಬಿಯಿಂದ ಮಡಚಿದ ನೋಟು ಹೊರಬರುತ್ತದೆ. ಅವಳು ಹೇಳಿದ್ದು ಸುಳ್ಳೇ? ಹೌದು. ತಪ್ಪೇ? ಹಾಗೆನ್ನಲು ಯಾರಿಗೂ ನಾಲಿಗೆ ಹೊರಳುವುದಿಲ್ಲ. ಆದರೂ ಎರಡು ಮಾತು. ಒಂದು, ಒಮ್ಮೆ ನೋಟು ಹೊರಬಂದ ಮನೆಯಲ್ಲಿ ಮುಂದೆ ‘ಇಲ್ಲ’ ಎಂದರೆ ಇಲ್ಲ ಅಂತ ಅರ್ಥವಲ್ಲ. ಮಕ್ಕಳು ಡಬ್ಬಿಯನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ, ಅಮ್ಮ ಇನ್ನೊಂದು ಡಬ್ಬಿ ಹುಡುಕಬೇಕು. ಐದು ನಿಮಿಷ ಮುಂದಿಟ್ಟ ಗೋಡೆ ಗಡಿಯಾರದ ಗತಿಯೂ ಇದೇ. ಎರಡು, ಡಬ್ಬಿ ಬಚ್ಚಿಟ್ಟ ಅಮ್ಮ ಅದೇ ಮನೆಯಲ್ಲಿ ಉಣ್ಣುವವಳು. ದೂರದ ಕೋಣೆಯಲ್ಲಿ ಕೀಲಿ ಹಿಡಿದವರಿಗೆ ನಮ್ಮ ಜೊತೆ ರಸ್ತೆಬದಿ ನಿಲ್ಲುವ ಪಾಲಿಲ್ಲ. 2017ರ ಸೆಪ್ಟೆಂಬರಿನಲ್ಲಿ ಇರ್ಮಾ ಚಂಡಮಾರುತ ಫ್ಲಾರಿಡಾಕ್ಕೆ ಬಂದಾಗ ಟೆಸ್ಲಾ ತನ್ನ ಕೆಲವು ಕಾರುಗಳಲ್ಲಿ ಸಾಫ್ಟ್‌ವೇರ್ ಬೀಗ ಹಾಕಿಟ್ಟಿದ್ದ ಬ್ಯಾಟರಿ ಪಾಲನ್ನು ತಾತ್ಕಾಲಿಕವಾಗಿ ತೆರೆಯಿತು. ಜನಕ್ಕೆ ಉಪಕಾರವೇ ಆಯಿತು. ಆದರೆ ಆ ಪಾಲು ಹೆಚ್ಚಿನ ದುಡ್ಡು ಕೊಟ್ಟವರಿಗೆ ಮಾತ್ರವೆಂದು ಬೀಗ ಹಾಕಿದ್ದು. ಅದು ಸಾಸಿವೆ ಡಬ್ಬಿಯಲ್ಲ, ಅಂಗಡಿಯ ಗಲ್ಲಾಪೆಟ್ಟಿಗೆ.

ಹಳೆಯ ಬಜಾಜ್ ಸ್ಕೂಟರಿನ ರಿಸರ್ವ್ ಕೀಲಿ ನನಗೆ ಇವೆಲ್ಲಕ್ಕಿಂತ ಪ್ರಾಮಾಣಿಕವಾಗಿ ಕಾಣುತ್ತದೆ. ಗಾಡಿ ಗೊರಗೊರ ಅಂದಾಗ ಸವಾರನೇ ಬಗ್ಗಿ ಕೀಲಿ ತಿರುಗಿಸುತ್ತಿದ್ದ. ಇದೆ ಎಂದೂ ಗೊತ್ತು, ಕೊನೆಯದೆಂದೂ ಗೊತ್ತು. ರಿಸರ್ವ್‌ನಲ್ಲಿ ಓಡಿಸಿ ಬಾಯಿಬಿಡದೆ ಗಾಡಿ ವಾಪಸು ತಂದು ನಿಲ್ಲಿಸುವ ಗೆಳೆಯ ಅಪರಾಧಿಯಾಗುತ್ತಿದ್ದುದು ಪೆಟ್ರೋಲು ಸುಟ್ಟಿದ್ದಕ್ಕಲ್ಲ, ಹೇಳದೇ ಇದ್ದುದಕ್ಕೆ. 2023ರ ಫೆಬ್ರವರಿಯಿಂದ ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಇದೆ. ಹಾರುವವರ ಲೋಕದಲ್ಲೂ ಇದೇ ರೀತಿ, ಇನ್ನೂ ಬಿಗಿಯಾಗಿ. ಜೆಟ್ ವಿಮಾನವಾದರೆ ಇಳಿಯುವಾಗ 30 ನಿಮಿಷದ ಇಂಧನ ಉಳಿದಿರಲೇಬೇಕು, ಉಳಿಯದು ಅನ್ನಿಸಿದೊಡನೆ ಪೈಲಟ್ ‘ಮೇಡೇ’ ಎಂದು ಕೂಗಬೇಕು. ಮೀಸಲು ಅವನಿಂದ ಬಚ್ಚಿಟ್ಟದ್ದಲ್ಲ. ಕಣ್ಣೆದುರೇ ಇದೆ, ಮುಟ್ಟುವ ಹಾಗಿಲ್ಲ, ಅಷ್ಟೇ. ನಿಸಾನ್ ಲೀಫ್ ಕಾರಂತೂ ತಳ ಮುಟ್ಟುತ್ತಲೇ ಅಂಕಿಯನ್ನೇ ಅಳಿಸಿ ಮೂರು ಗೆರೆ ತೋರಿಸುತ್ತದೆ. ಅದು ಚಾಲಕರನ್ನು ಕಂಗೆಡಿಸುತ್ತದೆ ನಿಜ, ಆದರೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಯಂತ್ರದ ಮೇಲೆ ನನಗೆ ಗೌರವವಿದೆ.

ಯಂತ್ರದ ಮಾತಾಯಿತು. ಕುಣಿಗಲ್‌ನಿಂದ ಹೊರಟ ಕಾರಿನ ಹಿಂದಿನ ಸೀಟಿನಲ್ಲಿ ಅತ್ತೆ ಕೂತಿದ್ದಾರೆ ಅಂತಿಟ್ಟುಕೊಳ್ಳಿ. ಏಪ್ರಿಲ್ ಬಿಸಿಲು. ಏಸಿ ಗಂಟೆಗೆ ಒಂದು ಯೂನಿಟ್ ಎಳೆದರೂ ತುಮಕೂರು ಮುಟ್ಟುವಷ್ಟರಲ್ಲಿ ಐದಾರು ಕಿಲೋಮೀಟರಿನ ಖರ್ಚು, ಅಂದರೆ ಹೆಚ್ಚುವರಿ ಇದ್ದ ಅಷ್ಟೂ. ಅಳಿಯ ಮೆಲ್ಲಗೆ ಗುಂಡಿ ಒತ್ತುತ್ತಾನೆ. ‘ಯಾಕಪ್ಪಾ, ಏಸಿ ನಿಲ್ಲಿಸ್ದೆ?’ ‘ಹೊರಗಡೆ ಗಾಳಿ ಚೆನ್ನಾಗಿದೆಯಲ್ಲ ಅತ್ತೆ.’ ಕಾರು ತನಗೆ ಮಾಡಬಾರದೆಂದು ಅವನು ಬಯಸುವುದನ್ನೇ ಅವನು ಅತ್ತೆಗೆ ಮಾಡಿದ. ಅವರ ನೆಮ್ಮದಿಗೆಂದೇ ಇರಬಹುದು. ಆದರೆ ಬೆವರುವವರು ಅವರು, ಕಾರು ನಿಂತರೆ ಬಿಸಿಲಲ್ಲಿ ನಿಲ್ಲುವವರೂ ಅವರು, ಅಂಕಿ ಮಾತ್ರ ಅವನ ಬಳಿ. 41 ಇದೆ, 36 ಹೋಗಬೇಕು, ಅನುಮಾನ ಎಂದು ಹೇಳಿದ್ದರೆ ಅತ್ತೆ ಎರಡು ಮಾತು ಆಡಿಯಾರು, ಕಾರು ಕೊಂಡದ್ದರ ಬಗ್ಗೆಯೂ ಒಂದು. ಆಮೇಲೆ, ‘ಹಂಗಾದ್ರೆ ಹೆಬ್ಬೂರಲ್ಲಿ ಇಳಿಸ್ಬಿಡಪ್ಪ, ನಾನು ಬಸ್ಸಲ್ಲಿ ಬರ್ತೀನಿ’ ಎಂದಾರು.